ಪುಣೆಯಲ್ಲಿ ಹೊಸ ಚಿಕ್ಕ ಕಾರು: ಕೊಟ್ಟ ದುಡ್ಡಿಗೆ ತಕ್ಕ ಗಾಡಿ ಆರಿಸುವುದು ಹೇಗೆ

ಶೋರೂಮಿನ ಬಾಗಿಲು ದಾಟಿದ ಕೂಡಲೇ ಬರುವ ಮೊದಲ ಪ್ರಶ್ನೆ, "ಸರ್, ಬಜೆಟ್ ಕಿತೀ?" ನೀವು 8 ಲಕ್ಷ ಅಂದರೆ ಸರಿಯಾಗಿ 8 ಲಕ್ಷದ ಗಾಡಿಯನ್ನೇ ತೋರಿಸುತ್ತಾರೆ. ಸಹಿ ಹಾಕುವ ಹೊತ್ತಿಗೆ ಅದು 9 ದಾಟಿರುತ್ತದೆ. ಆರ್‌ಟಿಒ, ಇನ್ಶೂರೆನ್ಸ್, ಆಕ್ಸೆಸರಿ, ಅದು ಇದು. ಹಾಗಾಗಿ ಆ ಪ್ರಶ್ನೆಗೆ ಮೊದಲ ದಿನವೇ ಉತ್ತರ ಕೊಡಬೇಡಿ. "ಸುಮ್ನೆ ನೋಡೋಕೆ ಬಂದಿದ್ದೀವಿ" ಅಂದರೆ ಸಾಕು.

ಈ ಬರಹ ಪುಣೆಯಲ್ಲಿ ನೆಲೆ ನಿಂತ ನಮ್ಮವರಿಗಾಗಿ. ಹಿಂಜವಡಿಯಲ್ಲೋ ಖರಾಡಿಯಲ್ಲೋ ಕೆಲಸ, ವಾಕಡ್ ಕಡೆ ಫ್ಲ್ಯಾಟ್, ಆಗಾಗ ಬೆಳಗಾವಿ, ಧಾರವಾಡ, ವಿಜಯಪುರದ ದಾರಿ. ಮುಂಬಯಿಯವರಿಗೂ ಹೆಚ್ಚುಕಮ್ಮಿ ಇದೇ ಲೆಕ್ಕ, ಯಾಕೆಂದರೆ ರಾಜ್ಯದ ತೆರಿಗೆ ಒಂದೇ. ಗೋವಾದಲ್ಲಿರುವವರು ರೋಡ್ ಟ್ಯಾಕ್ಸ್ ಭಾಗ ಬಿಟ್ಟು ಉಳಿದದ್ದನ್ನು ಓದಿಕೊಳ್ಳಬಹುದು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಚಿಕ್ಕ ಕಾರಿನಲ್ಲಿ ದುಡ್ಡು ಉಳಿಯುವುದು ಡಿಸ್ಕೌಂಟಿನಿಂದಲ್ಲ. ನಿಮ್ಮ ಓಡಾಟಕ್ಕೆ ಸರಿಹೊಂದುವ ಇಂಧನ, ಸರಿಯಾದ ವೇರಿಯಂಟ್ (ಒಂದೇ ಮಾಡೆಲಿನ ಬೇಸ್, ಟಾಪ್‌ನಂಥ ಬಗೆ), ಮತ್ತು ಆನ್ ರೋಡ್ ಚೀಟಿಯ (ಟ್ಯಾಕ್ಸ್, ಇನ್ಶೂರೆನ್ಸ್ ಎಲ್ಲ ಸೇರಿದ ಬೆಲೆಪಟ್ಟಿ) ಒಂದೊಂದು ಸಾಲನ್ನೂ ಕೇಳಿ ತಿಳಿದುಕೊಳ್ಳುವುದು, ಈ ಮೂರರಿಂದ. ಡಿಸ್ಕೌಂಟ್ ಕೊನೆಯಲ್ಲಿ ಬರುವ ಮಾತು.

1. ಮೊದಲು ಕಿಲೋಮೀಟರ್, ಆಮೇಲೆ ಕಾರು

ಒಂದು ಹಾಳೆಯಲ್ಲಿ ಮೂರೇ ವಿಷಯ ಬರೆಯಿರಿ. ತಿಂಗಳಿಗೆ ಎಷ್ಟು ಕಿ.ಮೀ. ಓಡುತ್ತದೆ, ಸಾಮಾನ್ಯವಾಗಿ ಎಷ್ಟು ಜನ ಕೂರುತ್ತಾರೆ, ಗಾಡಿಯನ್ನು ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ.

ಕಿಲೋಮೀಟರ್ ಬಗ್ಗೆ ನಮಗೆಲ್ಲ ಭ್ರಮೆ ಜಾಸ್ತಿ. "ನಾವು ತುಂಬಾ ಓಡಾಡ್ತೀವಿ" ಅನ್ನುವವರು ಲೆಕ್ಕ ಹಾಕಿದರೆ ತಿಂಗಳಿಗೆ 400 ದಾಟಿರುವುದಿಲ್ಲ. ಕೋಥ್ರೂಡ್‌ನಲ್ಲಿ ಮನೆ, ಆಫೀಸಿಗೆ ವನಾಝ್‌ನಿಂದ ಮೆಟ್ರೋ, ಶನಿವಾರ ಸಂತೆ, ಭಾನುವಾರ ನೆಂಟರ ಮನೆ. ಇಷ್ಟಕ್ಕೆ ಎಷ್ಟು ಓಡೀತು? ಅದೇ ದಿನಾ ಕಾರಲ್ಲೇ ಆಫೀಸಿಗೆ ಹೋಗಿ, ತಿಂಗಳಿಗೊಮ್ಮೆ ಬೆಳಗಾವಿಗೂ ಹೋಗುವವರ ಕಥೆ ಬೇರೆ. ಪುಣೆಯಿಂದ ಬೆಳಗಾವಿ ಸುಮಾರು 340 ಕಿ.ಮೀ., ಅಂದರೆ ಊರಿನ ಒಂದು ಸುತ್ತಿಗೇ 680. ಇವರದು ಸುಲಭವಾಗಿ 1,200 ದಾಟುತ್ತದೆ. ಈ ಎರಡು ಮನೆಗೂ ಒಂದೇ ಕಾರು ಸರಿಹೋಗುವುದಿಲ್ಲ, ಬಜೆಟ್ ಒಂದೇ ಇದ್ದರೂ.

2. ಪಾರ್ಕಿಂಗ್ ಅಳೆಯಿರಿ, ಅದೂ ಎತ್ತರ

ಇದನ್ನು ಯಾವ ಸೇಲ್ಸ್‌ನವರೂ ಹೇಳುವುದಿಲ್ಲ. ಪುಣೆ, ಮುಂಬಯಿಯ ಹೊಸ ಸೊಸೈಟಿಗಳಲ್ಲಿ ಸ್ಟ್ಯಾಕ್ ಪಾರ್ಕಿಂಗ್ ಜಾಸ್ತಿ. ಒಂದು ಗಾಡಿ ಕೆಳಗೆ, ಒಂದು ಮೇಲೆ, ನಡುವೆ ಕಬ್ಬಿಣದ ಹಲಗೆ. ಹಲಗೆಯ ಪಕ್ಕದ ಕಂಬದ ಮೇಲೆ ಒಂದು ಚಿಕ್ಕ ಬೋರ್ಡ್ ಇರುತ್ತದೆ. ಅದರಲ್ಲಿ ಎತ್ತರ ಇಷ್ಟು, ತೂಕ ಇಷ್ಟು ಎಂದು ಬರೆದಿರುತ್ತಾರೆ. ಬಣ್ಣ ಹೋಗಿ ಅರ್ಧ ಅಳಿಸಿದ್ದರೆ ಟೇಪ್ ತಗೊಂಡು ನೀವೇ ಅಳೆಯಿರಿ.

ಬಲೆನೋ ಎತ್ತರ 1,500 ಮಿ.ಮೀ., ಸ್ವಿಫ್ಟ್ 1,520. ಪಂಚ್ 1,615. ವ್ಯಾಗನ್ ಆರ್ 1,675. ಕೆಳಗಿನ ಜಾಗದ ಎತ್ತರ 1,550ಕ್ಕೆ ನಿಗದಿಯಾಗಿದ್ದರೆ ಕೊನೆಯ ಎರಡು ಗಾಡಿ ಅಲ್ಲಿ ನಿಲ್ಲುವುದೇ ಇಲ್ಲ. ನಾಲ್ಕು ಮೀಟರ್ ಒಳಗಿನ ಕಾರುಗಳಲ್ಲಿ ಉದ್ದಕ್ಕೆ ತೊಂದರೆ ಬರುವುದು ಕಡಿಮೆ. ಪೇಚಿಗೆ ಸಿಕ್ಕಿಸುವುದು ಎತ್ತರವೇ. ನಿಮಗೆ ಹಂಚಿಕೆಯಾಗಿರುವುದು ಮೇಲಿನ ಹಲಗೆಯೋ ಕೆಳಗಿನದೋ ಎಂದು ಸೊಸೈಟಿ ಆಫೀಸಿನಲ್ಲಿ ಬರೆದು ತಗೊಂಡು, ಆಮೇಲೆ ಬುಕಿಂಗ್ ಮಾಡಿ.

3. 18 ಪರ್ಸೆಂಟಿನ ಗೆರೆ

2025ರ ಸೆಪ್ಟೆಂಬರ್ 22ರಿಂದ ಚಿಕ್ಕ ಕಾರುಗಳ ಜಿಎಸ್‌ಟಿ 18 ಪರ್ಸೆಂಟ್ ಆಗಿದೆ. ಮೊದಲು 28, ಅದರ ಮೇಲೆ ಪೆಟ್ರೋಲಿಗೆ 1, ಡೀಸೆಲಿಗೆ 3 ಪರ್ಸೆಂಟ್ ಸೆಸ್ ಇತ್ತು. ತೆರಿಗೆ ಬಿಟ್ಟು 5 ಲಕ್ಷ ಬೆಲೆಯ ಪೆಟ್ರೋಲ್ ಕಾರು ಆಗ 6.45 ಲಕ್ಷಕ್ಕೆ ಬೀಳುತ್ತಿತ್ತು, ಈಗ 5.90 ಲಕ್ಷ. 55,000 ರೂ. ಕಡಿಮೆ. ಇಂಟರ್ನೆಟ್ಟಿನಲ್ಲಿ ಬೆಲೆ ಹುಡುಕುವಾಗ ಸೆಪ್ಟೆಂಬರಿಗೆ ಮುಂಚಿನ ವಿಡಿಯೋ ನೋಡಿ ಲೆಕ್ಕ ಹಾಕಬೇಡಿ.

ಈ 18 ಸಿಗಬೇಕಾದರೆ ಉದ್ದ 4,000 ಮಿ.ಮೀ. ಮೀರಬಾರದು. ಜೊತೆಗೆ ಎಂಜಿನ್ ಪೆಟ್ರೋಲ್ ಅಥವಾ ಸಿಎನ್‌ಜಿ ಆದರೆ 1,200 ಸಿಸಿ, ಡೀಸೆಲ್ ಆದರೆ 1,500 ಸಿಸಿ ಒಳಗಿರಬೇಕು. ಎರಡೂ ಇರಬೇಕು, ಒಂದಿದ್ದರೆ ಸಾಲದು. ನೆಕ್ಸಾನ್ ಮತ್ತು ಬ್ರೆಝಾ ಎರಡರ ಉದ್ದವೂ 3,995 ಮಿ.ಮೀ. ನೆಕ್ಸಾನ್ ಪೆಟ್ರೋಲಿನದು 1.2 ಲೀಟರ್ ಎಂಜಿನ್, 18ರ ಒಳಗೆ. ಬ್ರೆಝಾದು 1,462 ಸಿಸಿ, ಹಾಗಾಗಿ 40 ಪರ್ಸೆಂಟ್. ಎರಡೂ ಪಕ್ಕಪಕ್ಕ ನಿಂತಾಗ ಒಂದೇ ಅಳತೆ, ಆದರೆ ಸರ್ಕಾರಕ್ಕೆ ಹೋಗುವ ಪಾಲು ದುಪ್ಪಟ್ಟು. ಕಾರು ಚೆನ್ನಾಗಿಲ್ಲ ಅಂತಲ್ಲ. ಆ ದುಡ್ಡು ಎಲ್ಲಿ ಹೋಗುತ್ತಿದೆ ಅನ್ನುವುದು ಗೊತ್ತಿರಲಿ.

ಇನ್ನೊಂದು ಗೆರೆ 10 ಲಕ್ಷದ್ದು. ಅದನ್ನು ದಾಟಿದರೆ ಮಹಾರಾಷ್ಟ್ರದಲ್ಲಿ ಪೆಟ್ರೋಲ್ ಕಾರಿನ ರೋಡ್ ಟ್ಯಾಕ್ಸ್ 11ರಿಂದ 12 ಪರ್ಸೆಂಟಿಗೆ ಏರುತ್ತದೆ. ಮೇಲೆ 1 ಪರ್ಸೆಂಟ್ ಟಿಸಿಎಸ್ (ಮಾರುವವರು ನಿಮ್ಮಿಂದ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ತೆರಿಗೆ) ಬೇರೆ. 9.95 ಲಕ್ಷದ ಗಾಡಿಗೆ ಟ್ಯಾಕ್ಸ್ 1,09,450 ರೂ. 10.05 ಲಕ್ಷದ್ದಕ್ಕೆ 1,20,600 ಮತ್ತು ಟಿಸಿಎಸ್ 10,050. ಟಿಸಿಎಸ್ ದುಡ್ಡನ್ನು ಇನ್ಕಮ್ ಟ್ಯಾಕ್ಸ್ ರಿಟರ್ನ್‌ನಲ್ಲಿ ಹಿಂದೆ ಪಡೆಯಬಹುದು. ಆದರೆ ಸದ್ಯಕ್ಕೆ ಕೈಯಿಂದ ಹೋಗುತ್ತದಲ್ಲ. ಸನ್‌ರೂಫ್‌ಗೋಸ್ಕರ 10 ದಾಟುವ ಮುಂಚೆ ಇದನ್ನು ಯೋಚಿಸಿ.

4. ಪೆಟ್ರೋಲೋ ಸಿಎನ್‌ಜಿಯೋ

ಪುಣೆಯಲ್ಲಿ ಈ ಪ್ರಶ್ನೆಗೇ ಅರ್ಧ ಜಗಳ. ನಿಧಾನವಾಗಿ ಲೆಕ್ಕ ಹಾಕೋಣ.

ಒಂದೇ ಮಾಡೆಲಿನ ಪೆಟ್ರೋಲ್ ಗಾಡಿ 7 ಲಕ್ಷ, ಸಿಎನ್‌ಜಿ 7.90 ಲಕ್ಷ ಎಕ್ಸ್ ಶೋರೂಂ (ರೋಡ್ ಟ್ಯಾಕ್ಸ್, ಇನ್ಶೂರೆನ್ಸ್ ಸೇರದ ಬೆಲೆ) ಅಂತ ಇಟ್ಟುಕೊಳ್ಳಿ. ಕಂಪನಿಯಿಂದಲೇ ಬರುವ ಸಿಎನ್‌ಜಿಗೆ ಸುಮಾರು ಇಷ್ಟೇ ವ್ಯತ್ಯಾಸ. ಹೆಚ್ಚಿನವರು ಇಲ್ಲಿಗೇ ನಿಲ್ಲಿಸಿ "90 ಸಾವಿರ ಜಾಸ್ತಿ" ಅನ್ನುತ್ತಾರೆ. ಆದರೆ ಮಹಾರಾಷ್ಟ್ರದಲ್ಲಿ 10 ಲಕ್ಷದೊಳಗಿನ ಸಿಎನ್‌ಜಿ ಕಾರಿಗೆ ರೋಡ್ ಟ್ಯಾಕ್ಸ್ 8 ಪರ್ಸೆಂಟ್. ಮೊದಲು 7 ಇತ್ತು, 2025ರ ಜುಲೈಯಿಂದ 1 ಏರಿಸಿದರು. ಪೆಟ್ರೋಲಿಗೆ 11. ಹಾಗಾಗಿ ಪೆಟ್ರೋಲ್ ಗಾಡಿಯ ಟ್ಯಾಕ್ಸ್ 77,000, ಸಿಎನ್‌ಜಿಯದು 63,200. 13,800 ಅಲ್ಲೇ ವಾಪಸ್ ಬಂತು. ನಿಜವಾದ ವ್ಯತ್ಯಾಸ 76,200.

ಇನ್ನು ಓಡಿಸುವ ಖರ್ಚು. ಪೆಟ್ರೋಲ್ ಲೀಟರಿಗೆ 105 ರೂ., ಸಿಎನ್‌ಜಿ ಕೆಜಿಗೆ 95 ರೂ. ಎಂದು ಇಟ್ಟುಕೊಳ್ಳೋಣ. ನೀವು ಓದುವ ದಿನದ ರೇಟ್ ಹಾಕಿಕೊಳ್ಳಿ. ಊರೊಳಗೆ ಪೆಟ್ರೋಲ್ ಲೀಟರಿಗೆ 17 ಕಿ.ಮೀ., ಸಿಎನ್‌ಜಿ ಕೆಜಿಗೆ 25 ಕೊಟ್ಟರೆ ಕಿ.ಮೀ.ಗೆ ಖರ್ಚು 6.18 ಮತ್ತು 3.80 ರೂ. ಉಳಿಯುವುದು 2.38. ಅಂದರೆ 76,200 ವಾಪಸ್ ಬರಲು ಸುಮಾರು 32,000 ಕಿ.ಮೀ. ಓಡಬೇಕು. ತಿಂಗಳಿಗೆ 1,500 ಓಡುವವರಿಗೆ ಎರಡು ವರ್ಷದೊಳಗೆ ಬಂತು. 1,000 ಓಡುವವರಿಗೆ ಎರಡೂ ಮುಕ್ಕಾಲು ವರ್ಷ. 400 ಓಡುವವರಿಗೆ ಆರೂವರೆ ವರ್ಷಕ್ಕೂ ಮೀರಿ. ನನ್ನ ಗೆರೆ ಸುಮಾರು 900ರ ಹತ್ತಿರ. ಅದಕ್ಕಿಂತ ಕಮ್ಮಿ ಓಡುವವರು ಪೆಟ್ರೋಲ್ ಮ್ಯಾನುಯಲ್ ತಗೊಂಡು ನೆಮ್ಮದಿಯಾಗಿರಿ.

ದುಡ್ಡಿನಾಚೆಯ ಮಾತೂ ಇದೆ. ಮೊದಲನೆಯದು ಡಿಕ್ಕಿ. ಸಿಲಿಂಡರ್ ಕೂತ ಮೇಲೆ ಊರಿಂದ ಬರುವಾಗ ಜೋಳದ ಚೀಲ, ಖಾರದಪುಡಿ ಡಬ್ಬಿ, ಅಮ್ಮ ಕೊಟ್ಟ ಹಪ್ಪಳ ಸಂಡಿಗೆ ಎಲ್ಲ ಹಿಂದಿನ ಸೀಟಿಗೆ ಬರುತ್ತವೆ. ಟಾಟಾ, ಹ್ಯುಂಡೈ ಈಗ ಒಂದು ದೊಡ್ಡ ಸಿಲಿಂಡರಿನ ಬದಲು ಎರಡು ಚಿಕ್ಕದನ್ನು ಡಿಕ್ಕಿಯ ತಳದಲ್ಲಿ ಮಲಗಿಸುತ್ತಾರೆ. ಆಲ್ಟ್ರೋಜ್ ಸಿಎನ್‌ಜಿಯಲ್ಲಿ ಹೀಗೆ 210 ಲೀಟರ್ ಜಾಗ ಉಳಿಯುತ್ತದೆ. ಎರಡು ಬ್ಯಾಗ್ ಹಿಡಿಸುತ್ತದೆ. ಊರಿನ ಸಾಮಾನು ತರುವವರಿಗೆ ಇದು ದೊಡ್ಡ ಮಾತೇ.

ಎರಡನೆಯದು ಸಾಲು. ನಿಮ್ಮ ಮನೆ-ಆಫೀಸಿನ ದಾರಿಯಲ್ಲಿ ಸಿಎನ್‌ಜಿ ಪಂಪ್ ಎಲ್ಲಿದೆ, ಸಂಜೆ 7ಕ್ಕೆ ಅಲ್ಲಿ ರಿಕ್ಷಾಗಳ ಸಾಲು ಎಷ್ಟು ಉದ್ದ ಇರುತ್ತದೆ, ಒಮ್ಮೆ ಹೋಗಿ ನೋಡಿ. ಮೂರನೆಯದು ಎಳೆತ. ನಾಲ್ಕು ಜನ, ಸಾಮಾನು, ಎಸಿ ಹಾಕಿಕೊಂಡು ಖಂಬಾಟಕಿ ಘಾಟ್ ಹತ್ತುವಾಗ 1 ಲೀಟರ್ ಎಂಜಿನ್ನಿನ ಸಿಎನ್‌ಜಿ ಗಾಡಿ ಸುಸ್ತಾಗುತ್ತದೆ. ಆ ದಾರಿ ನಿಮಗೆ ಮಾಮೂಲಾದರೆ 1.2 ಲೀಟರ್ ಇರಲಿ. ಮತ್ತೆ, ಸಿಲಿಂಡರಿಗೆ 3 ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ (ನೀರಿನ ಒತ್ತಡ ಹಾಕಿ ಗಟ್ಟಿ ಇದೆಯಾ ನೋಡುವ ಪರೀಕ್ಷೆ) ಮಾಡಿಸಬೇಕು. ಹೊರಗೆ ಕಿಟ್ ಹಾಕಿಸಿದರೆ ಅಗ್ಗ ಅಂತ ಯಾರಾದರೂ ಹೇಳಿದರೆ ಹೊಸ ಕಾರಿನ ಮಟ್ಟಿಗೆ ಕಿವಿಗೆ ಹಾಕಿಕೊಳ್ಳಬೇಡಿ, ಕಂಪನಿ ವಾರಂಟಿಗೆ ಕುತ್ತು.

ಮೈಲೇಜ್ ಅಂಕಿ ಬಗ್ಗೆ ಒಂದು ಮಾತು. ಬ್ರೋಷರಿನಲ್ಲಿ ಸ್ವಿಫ್ಟ್ ಮ್ಯಾನುಯಲ್‌ಗೆ 24.80, ಅದರ ಸಿಎನ್‌ಜಿಗೆ 32.85 ಎಂದಿರುತ್ತದೆ. ಗಾಡಿಗಳನ್ನು ಪರೀಕ್ಷಿಸುವ ಸಂಸ್ಥೆ, ಎಲ್ಲರ ಬಾಯಲ್ಲಿರುವ ಆ ಎಆರ್‌ಎಐ ಇರುವುದು ನಮ್ಮ ಪುಣೆಯಲ್ಲೇ, ಬೆಳಿಗ್ಗೆ ಜನ ವಾಕಿಂಗಿಗೆ ಹತ್ತುವ ಟೇಕಡಿಯ ಮೇಲೆ. ಅಲ್ಲಿ ಗಾಡಿಯನ್ನು ರೋಲರ್ ಮೇಲೆ ನಿಲ್ಲಿಸಿ, ಎಸಿ ಬಂದ್ ಮಾಡಿ, ಗೊತ್ತುಪಡಿಸಿದ ವೇಗದಲ್ಲಿ ಓಡಿಸಿ ಅಳೆಯುತ್ತಾರೆ. ಹಿಂಜವಡಿ ಫೇಸ್ 1ರ ಸಿಗ್ನಲ್ ಆ ರೋಲರಿನಲ್ಲಿ ಇಲ್ಲ. ಎರಡು ಕಾರನ್ನು ಹೋಲಿಸಲು ಆ ಅಂಕಿ ಬಳಸಿ, ತಿಂಗಳ ಖರ್ಚು ಕಟ್ಟಲು ಬೇಡ.

ಎಲೆಕ್ಟ್ರಿಕ್? ಸೊಸೈಟಿಯಲ್ಲಿ ನಿಮ್ಮದೇ ಜಾಗದಲ್ಲಿ ಚಾರ್ಜಿಂಗ್ ಪಾಯಿಂಟ್ ಹಾಕಲು ಬಿಟ್ಟರೆ ಯೋಚಿಸಿ. ಜಿಎಸ್‌ಟಿ 5 ಪರ್ಸೆಂಟ್. ಸ್ಟ್ಯಾಕ್ ಪಾರ್ಕಿಂಗಿನವರು ಮುಂದಿನ ಭಾಗಕ್ಕೆ ಹೋಗಿ.

5. ವೇರಿಯಂಟ್: ಆಮೇಲೆ ಹಾಕಿಸಲಾಗದ್ದಕ್ಕೆ ಮಾತ್ರ ದುಡ್ಡು ಕೊಡಿ

ಬೇಸ್ ಮಾಡೆಲ್ ಬೆಲೆ ಜಾಹೀರಾತಿಗೆ, ಟಾಪ್ ಮಾಡೆಲ್ ಶೋರೂಮಿನ ದೀಪದ ಕೆಳಗೆ ನಿಲ್ಲಿಸುವುದಕ್ಕೆ. ದುಡ್ಡಿಗೆ ತಕ್ಕದ್ದು ಸಾಮಾನ್ಯವಾಗಿ ನಡುವೆ ಇರುತ್ತದೆ. ಹೇಗೆ ಗುರುತಿಸುವುದು? ಹೊರಗೆ ಹಾಕಿಸಬಹುದಾದದ್ದು, ಹಾಕಿಸಲಾಗದ್ದು ಎಂದು ಎರಡು ಭಾಗ ಮಾಡಿ. ಮ್ಯೂಸಿಕ್ ಸಿಸ್ಟಂ, ಹಿಂದಿನ ಕ್ಯಾಮೆರಾ, ಸೀಟ್ ಕವರ್, ಮ್ಯಾಟ್ ಇವೆಲ್ಲ ಆಮೇಲೆ ಬರುತ್ತವೆ. ವೈರ್ ಕತ್ತರಿಸದೆ ಹಾಕುವವರ ಹತ್ತಿರ ಮಾಡಿಸಿದರಾಯಿತು. ಏರ್‌ಬ್ಯಾಗ್, ಇಎಸ್‌ಪಿ (ಗಾಡಿ ಜಾರದಂತೆ ಹಿಡಿಯುವ ವ್ಯವಸ್ಥೆ), ಡ್ರೈವರ್ ಸೀಟಿನ ಎತ್ತರ ಹೊಂದಿಸುವ ಲಿವರ್, ಹಿಂದಿನ ಗಾಜಿನ ಮಂಜು ತೆಗೆಯುವ ಡಿಫಾಗರ್ ಆಮೇಲೆ ಬರುವುದಿಲ್ಲ.

ಡಿಫಾಗರ್ ಮತ್ತು ಹಿಂದಿನ ವೈಪರನ್ನು ಅಲಂಕಾರ ಅಂದುಕೊಳ್ಳಬೇಡಿ. ಜುಲೈ ತಿಂಗಳಲ್ಲಿ ಅಂಬೋಲಿ ಘಾಟಿನಲ್ಲಿ ಗೋವಾ ಕಡೆ ಇಳಿದವರಿಗೆ ಗೊತ್ತು, ಹ್ಯಾಚ್‌ಬ್ಯಾಕಿನ ಹಿಂದಿನ ಗಾಜು ಹತ್ತು ನಿಮಿಷದಲ್ಲಿ ಬೆಳ್ಳಗಾಗಿ ಹಿಂದೆ ಟ್ರಕ್ ಬಂದರೂ ಕಾಣುವುದಿಲ್ಲ.

ಆರು ಏರ್‌ಬ್ಯಾಗ್ ಈಗ ಅಗ್ಗದ ಕಾರುಗಳಲ್ಲೂ ಬೇಸ್‌ನಿಂದಲೇ ಸಿಗುತ್ತದೆ. ಹ್ಯುಂಡೈ ಎಲ್ಲ ಮಾಡೆಲಿಗೂ ಕೊಡುತ್ತಿದೆ, ಮಾರುತಿ ವ್ಯಾಗನ್ ಆರ್, ಆಲ್ಟೋ ಕೆ10ಕ್ಕೂ ಕೊಟ್ಟಿದೆ. ಆದರೆ ಏರ್‌ಬ್ಯಾಗ್ ಎಣಿಸಿ ಕಾರು ಗಟ್ಟಿ ಅನ್ನುವಂತಿಲ್ಲ. ಡಿಕ್ಕಿ ಹೊಡೆದಾಗ ಬಾಡಿ ಹೇಗೆ ನಿಂತಿತು ಅನ್ನುವುದಕ್ಕೆ 2023ರಿಂದ ಭಾರತ್ ಎನ್‌ಕ್ಯಾಪ್ ರೇಟಿಂಗ್ ಇದೆ. ಮಾರುತಿ ಡಿಜೈರ್, ಸ್ಕೋಡಾ ಕೈಲಾಕ್ ಅದರಲ್ಲಿ 5 ಸ್ಟಾರ್ ಪಡೆದಿವೆ. ಸ್ಟಾರ್ ಯಾವ ವೇರಿಯಂಟಿಗೆ ಬಂದದ್ದು ಎಂದೂ ಓದಿ.

ಎಎಂಟಿಗೆ (ಕ್ಲಚ್ ಒತ್ತದೆ ತಾನೇ ಗೇರ್ ಬದಲಿಸುವ ಗಾಡಿ) ಸುಮಾರು 50,000 ಜಾಸ್ತಿ. ದಿನಾ ಎರಡು ಗಂಟೆ ಟ್ರಾಫಿಕ್ಕಿನಲ್ಲಿ ನಿಲ್ಲುವವರ ಎಡಗಾಲಿಗೆ ಅದು ಹೆಚ್ಚಲ್ಲ. ಸಿವಿಟಿ, ಡಿಸಿಟಿ ಎನ್ನುವ ಬೇರೆ ಬಗೆಯ ಆಟೋಮ್ಯಾಟಿಕ್ ಗೇರು ಓಡಿಸಲು ಇನ್ನೂ ನಯ, ಆದರೆ ಅಗ್ಗದ ಕಾರಿನ ಲೆಕ್ಕಕ್ಕೆ ಬರುವುದಿಲ್ಲ.

6. ಟೆಸ್ಟ್ ಡ್ರೈವ್

ಶೋರೂಮಿನವರು ಅಗಲವಾದ ಸಪಾಟು ರಸ್ತೆಯಲ್ಲಿ ಎರಡು ಕಿ.ಮೀ. ತಿರುಗಿಸಿ ತರುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ಮೊದಲೇ ಫೋನ್ ಮಾಡಿ ಏರು ದಾರಿ ಬೇಕು ಅನ್ನಿ. ದಕ್ಷಿಣದ ಕಡೆ ಇದ್ದರೆ ಕಾತ್ರಜ್ ಹಳೇ ಘಾಟ್, ಕೋಥ್ರೂಡ್, ಬಾವಧನ್ ಕಡೆಯವರಾದರೆ ಚಾಂದಣಿ ಚೌಕದ ಏರು. ಮನೆಯವರನ್ನೆಲ್ಲ ಕೂರಿಸಿಕೊಂಡು, ಎಸಿ ಹಾಕಿ, ಏರಿನ ಮಧ್ಯೆ ನಿಲ್ಲಿಸಿ ಮತ್ತೆ ಎಬ್ಬಿಸಿ. ನೀವು ಸಿಎನ್‌ಜಿ ಕೊಳ್ಳುವುದಾದರೆ ಸಿಎನ್‌ಜಿ ಗಾಡಿಯನ್ನೇ ಓಡಿಸಬೇಕು, ಪೆಟ್ರೋಲ್ ಓಡಿಸಿ "ಅದೂ ಹಿಂಗೇ ಇರ್ತದೆ" ಅನ್ನುವುದನ್ನು ಒಪ್ಪಬೇಡಿ.

ಊರಿಂದ ಅಪ್ಪ ಅಮ್ಮ ಬಂದಾಗಲೇ ಟೆಸ್ಟ್ ಡ್ರೈವ್ ಇಟ್ಟುಕೊಂಡರೆ ಬಹಳ ಒಳ್ಳೆಯದು. ಸೀರೆ ಉಟ್ಟ, ಮೊಣಕಾಲು ನೋವಿರುವ ಅಮ್ಮ ಹಿಂದಿನ ಸೀಟಿಗೆ ಹೇಗೆ ಹತ್ತುತ್ತಾರೆ ನೋಡಿ. ತಗ್ಗಿನ ಕಾರಿಗೆ ಬಗ್ಗಿ, ಕೈಯೂರಿ, ಜಾರಿ ಕೂರಬೇಕು. ವ್ಯಾಗನ್ ಆರ್, ಪಂಚ್, ಎಕ್ಸ್‌ಟರ್‌ನಂಥ ಎತ್ತರದ ಗಾಡಿಗಳಲ್ಲಿ ನೆಟ್ಟಗೆ ಕೂತು ಕಾಲು ಒಳಗೆಳೆದುಕೊಂಡರೆ ಆಯಿತು. ನೋಡೋದಕ್ಕೆ ವ್ಯಾಗನ್ ಆರ್ ಡಬ್ಬದ ಹಾಗಿದೆ ಅಂತ ನಗುವವರೇ ಆಮೇಲೆ ಹಿರಿಯರಿಗಾಗಿ ಅದನ್ನೇ ಕೊಳ್ಳುತ್ತಾರೆ.

7. ಆನ್ ರೋಡ್ ಚೀಟಿ

ದುಡ್ಡು ಸೋರುವುದು ಇಲ್ಲಿ. ಒಂದೇ ಕಂಪನಿಯ ಮೂರು ಡೀಲರ್‌ಗಳಿಂದ, ಉದಾಹರಣೆಗೆ ಬಾಣೇರ್, ಹಡಪ್ಸರ್, ಚಿಂಚವಡದಲ್ಲಿ, ಅದೇ ವೇರಿಯಂಟ್, ಅದೇ ಬಣ್ಣಕ್ಕೆ ಬಿಡಿಬಿಡಿಯಾಗಿ ಬರೆದ ಕೊಟೇಶನ್ ತರಿಸಿ. "ಒಟ್ಟು ಇಷ್ಟಾಗ್ತದೆ ಸರ್" ಅನ್ನುವ ಒಂದು ಸಾಲಿನ ವಾಟ್ಸಾಪ್ ಸಂದೇಶ ಕೊಟೇಶನ್ ಅಲ್ಲ.

ಎಕ್ಸ್ ಶೋರೂಂ ಬೆಲೆ ಮೂರೂ ಕಡೆ ಒಂದೇ ಇರಬೇಕು. ರೋಡ್ ಟ್ಯಾಕ್ಸ್ ಸರ್ಕಾರದ್ದು, 7 ಲಕ್ಷದ ಪೆಟ್ರೋಲಿಗೆ 77,000. ಅದಕ್ಕಿಂತ ಬಹಳ ಜಾಸ್ತಿ ಬರೆದಿದ್ದರೆ ಯಾಕೆ ಅಂತ ಕೇಳಿ. ರಿಜಿಸ್ಟ್ರೇಷನ್ ಫೀ 600 ರೂ., ಸಾಲ ಇದ್ದರೆ ಆರ್‌ಸಿಯಲ್ಲಿ (ನೋಂದಣಿ ಪತ್ರ) ಬ್ಯಾಂಕಿನ ಹೆಸರು ಬರೆಸುವ ಹೈಪಾಥಿಕೇಶನ್‌ಗೆ 1,500 ರೂ. "ಆರ್‌ಟಿಒ ಚಾರ್ಜಸ್" ಅಂತ ದೊಡ್ಡ ಗುಂಡು ಅಂಕಿ ಬರೆದಿದ್ದರೆ ಅದನ್ನು ಒಡೆದು ತೋರಿಸಲು ಹೇಳಿ. ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟಿಗೆ ಬೇರೆ ದುಡ್ಡಿಲ್ಲ. 2019ರ ಏಪ್ರಿಲ್‌ನಿಂದ ಅದು ಗಾಡಿಯ ಜೊತೆಯೇ ಬರಬೇಕು.

ಇನ್ಶೂರೆನ್ಸ್ ಸಾಲಿನ ಮೇಲೆ ಬೆರಳಿಟ್ಟು ಕೂರಿ. ಹೊಸ ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ (ನಿಮ್ಮ ಗಾಡಿಯಿಂದ ಬೇರೆಯವರಿಗಾದ ನಷ್ಟಕ್ಕೆ) ಕಡ್ಡಾಯ. ಅದರ ರೇಟ್ ಸರ್ಕಾರವೇ ಗೊತ್ತುಮಾಡುತ್ತದೆ, ಯಾವ ಕಂಪನಿಗೆ ಹೋದರೂ ಒಂದೇ. 2022ರಲ್ಲಿ ನಿಗದಿಯಾದ ಪ್ರಕಾರ 1,000 ಸಿಸಿವರೆಗೆ 6,521 ರೂ., 1,000ದಿಂದ 1,500 ಸಿಸಿಗೆ 10,640 ರೂ., ಮೇಲೆ ಜಿಎಸ್‌ಟಿ. ಉಳಿದದ್ದು ಓನ್ ಡ್ಯಾಮೇಜ್ (ನಿಮ್ಮದೇ ಗಾಡಿಯ ನಷ್ಟಕ್ಕೆ), ಒಂದು ವರ್ಷದ್ದು. ಡೀಲರ್ ಮತ್ತು ಹೊರಗಿನ ರೇಟಿಗೆ ವ್ಯತ್ಯಾಸ ಬರುವುದೆಲ್ಲ ಈ ಭಾಗದಲ್ಲೇ. ಅದೇ ಐಡಿವಿ (ಗಾಡಿ ಪೂರ್ತಿ ಹೋದರೆ ಸಿಗುವ ಮೊತ್ತ), ಅದೇ ಝೀರೋ ಡೆಪ್ (ಬಿಡಿಭಾಗದ ಸವಕಳಿ ಕಳೆಯದ ಕವರ್) ಇಟ್ಟು ಆನ್‌ಲೈನಿನಲ್ಲಿ ಎರಡು ಕಡೆ ರೇಟ್ ತೆಗೆಯಿರಿ. ಝೀರೋ ಡೆಪ್ ಮಾತ್ರ ಬಿಡಬೇಡಿ. ಅದಿಲ್ಲದಿದ್ದರೆ ಪ್ಲಾಸ್ಟಿಕ್ ಭಾಗಗಳಿಗೆ ಅರ್ಧ ದುಡ್ಡನ್ನು ನೀವೇ ಹಾಕಬೇಕು, ಈಗಿನ ಬಂಪರ್ ಪೂರ್ತಿ ಪ್ಲಾಸ್ಟಿಕ್. ಹಳೇ ಕಾರಿನ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದಕ್ಕೆ ಸಿಗುವ ರಿಯಾಯಿತಿ) ಇದ್ದರೆ ಹೊಸದಕ್ಕೆ ಹಾಕಿಸಿಕೊಳ್ಳಬಹುದು. ಕೇಳದಿದ್ದರೆ ಯಾರೂ ನೆನಪಿಸುವುದಿಲ್ಲ.

ಪುಣೆಯ ಶೋರೂಮುಗಳಲ್ಲಿ ಅಕ್ಕಲಕೋಟೆ, ಜತ್ತ ಕಡೆಯ ಹುಡುಗರು ಸಿಗುವುದುಂಟು. ಕನ್ನಡ ಕೇಳಿದ ಕೂಡಲೇ ಮಾತು ಸಲೀಸಾಗುತ್ತದೆ, ಚಹಾನೂ ಬರುತ್ತದೆ. ಆದರೆ ಟಾರ್ಗೆಟ್ ಅವರಿಗೂ ಇರುತ್ತದಲ್ವಾ. ಮಾತು ಹೀಗೆ ಸಾಗುತ್ತದೆ:

"ಸರ್, ಇನ್ಶೂರೆನ್ಸ್ ಹೊರಗ ತಗೊಂಡ್ರ ಕ್ಯಾಶ್‌ಲೆಸ್ ಆಗಂಗಿಲ್ಲ್ರೀ."

"ಹೌದಾ? ನಿಮ್ಮ ವರ್ಕ್‌ಶಾಪಿಗೆ ಯಾವ್ಯಾವ ಕಂಪನಿ ಕ್ಯಾಶ್‌ಲೆಸ್ ಅದ, ಅಷ್ಟು ಬರದು ಕೊಡ್ರಿ ತಮ್ಮಾ. ಅದರಾಗಿಂದ ಒಂದು ತಗೋತೀನಿ."

ಅಲ್ಲಿಗೆ ಡೀಲರ್ ರೇಟೂ ಇಳಿಯುತ್ತದೆ. ಇಳಿದು ಹೊರಗಿನದಕ್ಕೆ ಸಮನಾದರೆ ಅವರ ಹತ್ತಿರವೇ ಮಾಡಿಸಿ, ತೊಂದರೆ ಏನಿಲ್ಲ. ಅವರಲ್ಲೇ ಮಾಡಿಸಬೇಕು ಎನ್ನುವ ಕಾನೂನು ಮಾತ್ರ ಇಲ್ಲ.

"ಹ್ಯಾಂಡ್ಲಿಂಗ್", "ಲಾಜಿಸ್ಟಿಕ್ಸ್", "ಡಿಪೋ" ಹೆಸರಿನ ಸಾಲುಗಳನ್ನು ಪೂರ್ತಿ ತೆಗೆಸಿ. ಆಕ್ಸೆಸರಿ ಕಿಟ್‌ನಲ್ಲಿ ಮ್ಯಾಟ್, ಮಡ್ ಫ್ಲ್ಯಾಪ್ ಬಿಟ್ಟು ಉಳಿದದ್ದು ಬೇಡ ಅನ್ನಿ. ಟೆಫ್ಲಾನ್, ಸೆರಾಮಿಕ್ ಕೋಟಿಂಗ್ ಬೇಡವೇ ಬೇಡ, ಹೊಸ ಬಣ್ಣಕ್ಕೆ ಅಂಥ ಅವಸರವೇನಿಲ್ಲ. ಎಕ್ಸ್‌ಟೆಂಡೆಡ್ ವಾರಂಟಿ ಮಾತ್ರ, 7-8 ವರ್ಷ ಇಟ್ಟುಕೊಳ್ಳುವವರಾದರೆ, ಯೋಚಿಸುವಂಥದ್ದು. ಮೂಲ ವಾರಂಟಿ ಎಷ್ಟು ಅಂತ ನೋಡಿಕೊಳ್ಳಿ. ಮಾರುತಿ 2024ರ ಜುಲೈಯಲ್ಲಿ 2 ವರ್ಷದಿಂದ 3 ವರ್ಷ ಅಥವಾ 1 ಲಕ್ಷ ಕಿ.ಮೀ.ಗೆ ಏರಿಸಿದೆ.

ಹಳೇ ಗಾಡಿ ಕೊಡುವುದಾದರೆ ಎರಡು ಅಂಕಿ ಬೇರೆ ಬೇರೆ ಕೇಳಿ: ಗಾಡಿಗೆ ಎಷ್ಟು, ಎಕ್ಸ್‌ಚೇಂಜ್ ಬೋನಸ್ ಎಷ್ಟು. ಒಟ್ಟಿಗೆ ಹೇಳಿದರೆ ಗಾಡಿಯ ಬೆಲೆ ತಗ್ಗಿಸಿ ಬೋನಸ್ ಎಂದು ತೋರಿಸುವುದು ಬಹಳ ಸುಲಭ.

8. ಊರಿನ ನಂಬರಿನ ಆಸೆ

"ಇಲ್ಲೇ ಬೆಳಗಾವ್ಯಾಗ ತಗೊಂಡು ಒಯ್ಯೋ, ಕೆಎ 22 ಇರ್ಲಿ" ಅಂತ ಅಪ್ಪನೋ ಕಾಕಾನೋ ಹೇಳೇ ಹೇಳುತ್ತಾರೆ. ಮನಸ್ಸಿಗೆ ಹಿತ, ಜೇಬಿಗಲ್ಲ. ಕರ್ನಾಟಕದಲ್ಲಿ 5ರಿಂದ 10 ಲಕ್ಷದ ಕಾರಿಗೆ ರೋಡ್ ಟ್ಯಾಕ್ಸ್ 14 ಪರ್ಸೆಂಟ್, ಅದರ ಮೇಲೆ ಸೆಸ್. 7 ಲಕ್ಷದ ಗಾಡಿಗೆ ಸೆಸ್ ಬಿಟ್ಟೇ 98,000. ಇಲ್ಲಿ 77,000. ಮೇಲಾಗಿ ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಎನ್‌ಒಸಿ (ಆಕ್ಷೇಪಣೆ ಇಲ್ಲ ಎನ್ನುವ ಪತ್ರ) ತಂದು ಅಲ್ಲಿನ ನಂಬರ್ ಮಾಡಿಸಬೇಕು, ಅಲ್ಲಿನ ಟ್ಯಾಕ್ಸ್ ಕಟ್ಟಬೇಕು, ಮೊದಲಿನದ್ದನ್ನು ವಾಪಸ್ ಪಡೆಯಲು ಓಡಾಡಬೇಕು.

ಮುಂದೆ ಬೆಂಗಳೂರಿಗೆ ವರ್ಗವಾಗುವ ಸಾಧ್ಯತೆ ಇರುವವರು ಬಿಎಚ್ ಸರಣಿ (ರಾಜ್ಯ ಬದಲಾದರೂ ಹೊಸ ನಂಬರ್ ಬೇಡದ ನೋಂದಣಿ) ನೋಡಿ. ಕೇಂದ್ರ, ರಾಜ್ಯ ಸರ್ಕಾರಿ ನೌಕರರಿಗೆ, ಮತ್ತು ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಆಫೀಸ್ ಇರುವ ಖಾಸಗಿ ಕಂಪನಿಯವರಿಗೆ ಸಿಗುತ್ತದೆ. ಟ್ಯಾಕ್ಸ್ ಎರಡೆರಡು ವರ್ಷದ್ದು ಕಟ್ಟುತ್ತಾ ಹೋಗಬಹುದು. ಕಂಪನಿಯಿಂದ ಫಾರ್ಮ್ 60 ಬೇಕು, ಎಚ್‌ಆರ್‌ಗೆ ಬುಕಿಂಗಿಗೆ ಮುಂಚೆಯೇ ಹೇಳಿ.

9. ಸಾಲ

ಇಲ್ಲಿ ಒಂದೇ ಲೆಕ್ಕ ಸಾಕು. 6 ಲಕ್ಷಕ್ಕೆ 9 ಪರ್ಸೆಂಟ್ ಬಡ್ಡಿ. 5 ವರ್ಷಕ್ಕೆ ಕಂತು ಸುಮಾರು 12,455, ಒಟ್ಟು ಬಡ್ಡಿ 1.47 ಲಕ್ಷ. 7 ವರ್ಷಕ್ಕೆ ಕಂತು 9,653, ಬಡ್ಡಿ 2.11 ಲಕ್ಷ. "ತಿಂಗಳಿಗೆ 2,800 ಕಮ್ಮಿ ಸರ್" ಅನ್ನುವ ಮಾತಿನ ಹಿಂದೆ 63,000ಕ್ಕೂ ಹೆಚ್ಚು ಬಡ್ಡಿ ಇದೆ. ಡೀಲರ್ ಅಷ್ಟು ಕಷ್ಟಪಟ್ಟು ಬಿಟ್ಟುಕೊಟ್ಟ 20,000 ಡಿಸ್ಕೌಂಟ್ ಅದರ ಮುಂದೆ ಎಷ್ಟರದು?

ನಿಮ್ಮ ಸಂಬಳ ಬೀಳುವ ಬ್ಯಾಂಕಿನ ರೇಟ್ ಮೊದಲು ತಗೊಂಡು, ಆಮೇಲೆ ಡೀಲರ್ ಹೇಳುವುದನ್ನು ಕೇಳಿ. ಪ್ರೊಸೆಸಿಂಗ್ ಫೀ ಎಷ್ಟು, ಬೇಗ ತೀರಿಸಿದರೆ ಎಷ್ಟು ಕೊಡಬೇಕು, ಎರಡನ್ನೂ ಬರೆಸಿಕೊಳ್ಳಿ. ಕಾರಿನ ಸಾಲ ಹೆಚ್ಚಾಗಿ ಫಿಕ್ಸೆಡ್ ಬಡ್ಡಿಯದು, ಬೇಗ ಮುಚ್ಚಿದರೆ ಚಾರ್ಜ್ ಬೀಳಬಹುದು.

10. ಯಾವಾಗ ಕೊಳ್ಳಬೇಕು

ಗುಡಿ ಪಾಡವಾ, ದಸರಾ, ಧನತ್ರಯೋದಶಿಗೆ ಡೆಲಿವರಿ ಬೇಕೆಂದು ಊರೆಲ್ಲ ಸಾಲು ನಿಂತಿರುತ್ತದೆ, ಆಗ ಯಾರೂ ಬಗ್ಗುವುದಿಲ್ಲ. ಪಿತೃಪಕ್ಷದಲ್ಲಿ ಶೋರೂಮ್ ಖಾಲಿ. ಪಕ್ಷದಲ್ಲಿ ಚೌಕಾಸಿ ಮಾಡಿ, ರೇಟ್ ಬರೆಸಿಕೊಂಡು, ದಸರೆಗೆ ಗಾಡಿ ಮನೆಗೆ ತಂದರೆ ಅತ್ತೆಯವರೂ ಬೇಜಾರಾಗುವುದಿಲ್ಲ.

ಡಿಸೆಂಬರಿನಲ್ಲಿ ಡಿಸ್ಕೌಂಟ್ ಜಾಸ್ತಿ, ಯಾಕೆಂದರೆ ವರ್ಷ ಬದಲಾದರೆ ಸ್ಟಾಕ್ ಹಳೆಯದಾಗುತ್ತದೆ. ಆರ್‌ಸಿಯಲ್ಲಿ ತಯಾರಾದ ತಿಂಗಳು ವರ್ಷ ಇರುತ್ತದೆ, ಮಾರುವಾಗ ಅದನ್ನೇ ನೋಡುತ್ತಾರೆ. 8-10 ವರ್ಷ ಓಡಿಸುವವರಿಗೆ ಡಿಸೆಂಬರ್ ಲಾಭ. 3-4 ವರ್ಷಕ್ಕೆ ಬದಲಿಸುವವರಿಗೆ ಆ ಡಿಸ್ಕೌಂಟ್ ಹಾಗೇ ಕಳೆದುಹೋಗುತ್ತದೆ. ಇನ್ನು, ಬೇಗ ಮಾರುವ ಯೋಚನೆ ಇರುವವರು ಇಲ್ಲಿ ಗಟ್ಟಿಯಾಗಿ ನಿಂತ ಕಂಪನಿಯನ್ನೇ ಆರಿಸಿ. ಷೆವ್ರೊಲೆ 2017ರಲ್ಲಿ ಮಾರಾಟ ನಿಲ್ಲಿಸಿತು. ಅದರ ತಳೇಗಾಂವ್ ಕಾರ್ಖಾನೆ ಈಗ ಹ್ಯುಂಡೈಯದು. ಫೋರ್ಡ್ 2021ರಲ್ಲಿ ಇಲ್ಲಿ ಕಾರು ಮಾಡುವುದನ್ನು ನಿಲ್ಲಿಸುವುದಾಗಿ ಹೇಳಿತು. ಗಾಡಿಗಳು ಚೆನ್ನಾಗಿಯೇ ಇದ್ದವು, ಮಾರುವ ಬೆಲೆ ಬಿತ್ತು.

11. ಪೂರ್ತಿ ದುಡ್ಡು ಕಟ್ಟುವ ಮುಂಚೆ

ರಿಜಿಸ್ಟ್ರೇಷನ್‌ಗೆ ಹಾಕುವ ಮುಂಚೆ ನಿಮ್ಮ ಗಾಡಿಯನ್ನು ಕಣ್ಣಾರೆ ನೋಡಬೇಕು. ಒಮ್ಮೆ ನಿಮ್ಮ ಹೆಸರಿಗೆ ಆದ ಮೇಲೆ ಗೀರು ಕಂಡರೂ "ಪಾಲಿಶ್ ಮಾಡ್ತೀವಿ" ಅನ್ನುವುದಷ್ಟೇ ಉತ್ತರ. ಹಗಲು ಬೆಳಕಿನಲ್ಲಿ ಹೋಗಿ. ಚಾಸಿ ನಂಬರ್ ಬರೆದುಕೊಂಡು ಕೊಟ್ಟ ಕಾಗದಕ್ಕೆ ತಾಳೆ ನೋಡಿ. ಟೈರಿನ ಪಕ್ಕದಲ್ಲಿ ನಾಲ್ಕಂಕಿ ಇರುತ್ತದೆ: 3225 ಅಂದರೆ 2025ರ 32ನೇ ವಾರ. ಸ್ಟೆಪ್ನಿ ಸೇರಿ ಎಲ್ಲ ಟೈರೂ ಹತ್ತಿರ ಹತ್ತಿರದ ವಾರದ್ದಿರಬೇಕು. ಒಂದು ಬೇರೆ ವರ್ಷದ್ದಾದರೆ ಬದಲಾಯಿಸಿದ್ದಾರೆ ಎಂದೇ ಅರ್ಥ. ಬಾಗಿಲ ಅಂಚಿನ ರಬ್ಬರ್ ಎತ್ತಿ ಬಣ್ಣದ ಛಾಯೆ ಒಂದೇ ಇದೆಯಾ ನೋಡಿ. ಕಾರ್ಪೆಟ್ ಕೆಳಗೆ ಕೈ ಹಾಕಿ ತೇವ ಇದೆಯಾ ನೋಡಿ, ಮಳೆಗಾಲದಲ್ಲಿ ಬಯಲಲ್ಲಿ ನಿಂತ ಗಾಡಿಗಳಿಗೆ ಇದು ಮುಖ್ಯ. ಎಸಿ, ನಾಲ್ಕೂ ಕಿಟಕಿ, ಹಾರ್ನ್, ಎರಡೂ ಕೀಲಿ.

ಡೆಲಿವರಿ ದಿನ ಹೂವು, ತೆಂಗಿನಕಾಯಿ, ನಿಂಬೆಹಣ್ಣಿನ ಗಡಿಬಿಡಿಯಲ್ಲಿ ಕಾಗದ ಮರೆಯಬೇಡಿ. ಟ್ಯಾಕ್ಸ್ ಇನ್‌ವಾಯ್ಸ್, ಇನ್ಶೂರೆನ್ಸ್ ಪಾಲಿಸಿ, ಟ್ಯಾಕ್ಸ್ ಕಟ್ಟಿದ ರಸೀದಿ, ವಾರಂಟಿ ಪುಸ್ತಕ. ಟ್ಯಾಕ್ಸ್ ರಸೀದಿಯಲ್ಲಿರುವ ಮೊತ್ತ ಕೊಟೇಶನ್‌ಗಿಂತ ಕಡಿಮೆ ಇದ್ದರೆ ಉಳಿದದ್ದನ್ನು ಕೇಳಿ ಪಡೆಯಿರಿ. ಸಾಲ ತೀರಿದ ದಿನ ಬ್ಯಾಂಕಿನಿಂದ ಎನ್‌ಒಸಿ ಮತ್ತು ಫಾರ್ಮ್ 35 ತಗೊಂಡು ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಿ.

ಒಂದು ವರ್ಷ ಆಗುವ ಹೊತ್ತಿಗೆ ಓನ್ ಡ್ಯಾಮೇಜ್ ನವೀಕರಿಸಲು ಡೀಲರ್ ಕಡೆಯಿಂದ ಫೋನ್ ಬರುತ್ತದೆ. ಕ್ಲೇಮ್ ಮಾಡಿರದಿದ್ದರೆ 20 ಪರ್ಸೆಂಟ್ ನೋ ಕ್ಲೇಮ್ ಬೋನಸ್ ಸಿಗಬೇಕು. ಇನ್ನೆರಡು ಕಂಪನಿಯ ರೇಟ್ ಕೈಯಲ್ಲಿಟ್ಟುಕೊಂಡು ಆ ಫೋನ್ ಎತ್ತಿ.